ಅದು ಯಾವ ನೀರು, ಮೊದಲು ಅದನ್ನು ನೋಡು

ಶನಿವಾರ ಬೆಳಗ್ಗೆ ಫೋನು ಮಾಡಿ, 'ತಾತ, ಹಂಡೆ ತೂತಾಗಿದೆ, ಒಲೆಗೆಲ್ಲಾ ನೀರು ತೊಟ್ಟಿಕ್ತಾ ಇದೆ' ಅಂದೆಯಲ್ಲ, ನಾನು ನಕ್ಕಿದ್ದಕ್ಕೆ ನಿನಗೆ ಕೋಪ ಬಂತು. ನಗು ಬಂದದ್ದು ನನ್ನದೇ ಹಳೆಯ ಕಥೆ ನೆನಪಾಗಿ ಕಣಮ್ಮ. ಮದುವೆಯಾದ ಹೊಸದರಲ್ಲಿ ಇದೇ ನೀರೊಲೆಯ ಮೇಲೆ ಇದೇ ತಾಮ್ರದ ಹಂಡೆ ಹೀಗೇ ತೊಟ್ಟಿಕ್ಕಿತ್ತು. ಹೊತ್ತುಕೊಂಡು ಬೆಸುಗೆಯವನ ಹತ್ತಿರ ಹೋದೆ. ಅವನು ಮೂರು ಕಲ್ಲಿನ ಮೇಲೆ ಹಂಡೆ ಕೂರಿಸಿ, ಕಂಠದವರೆಗೆ ನೀರು ತುಂಬಿಸಿ, ಬುಡವನ್ನು ಒಣಬಟ್ಟೆಯಲ್ಲಿ ಒರೆಸಿ, ಅದಕ್ಕೆ ಒಣ ಬೂದಿ ಬಳಿದು ಬೀಡಿ ಹಚ್ಚಿಕೊಂಡು ಕೂತ. ಬೀಡಿ ಮುಗಿಯಿತು, ಬೂದಿ ನೆನೆಯಲಿಲ್ಲ. 'ಸ್ವಾಮಿ, ಇದು ಸೋರ್ತಿಲ್ಲ, ಬೆವರ್ತಾ ಇದೆ' ಅಂದ. ಕಾಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅವತ್ತು ಆದ ನಾಚಿಕೆ ಮಾತ್ರ ಇವತ್ತಿಗೂ ನನ್ನ ಹತ್ತಿರವೇ ಇದೆ.

ಬೆಂಕಿಯೊಳಗೂ ನೀರಿರುತ್ತದೆ ಅನ್ನುವುದು ನನಗೆ ಆಮೇಲೆ ತಿಳಿದದ್ದು. ಚೆನ್ನಾಗಿ ಒಣಗಿದ ಸೌದೆಯೇ ಆಗಲಿ, ಒಂದು ಕೆಜಿ ಉರಿದರೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಹೊಗೆಯ ಜೊತೆ ಹೊರಡುತ್ತದೆ. ಸೌದೆ ಹಸಿಯಾಗಿದ್ದರೆ ಅದರ ತೇವವೂ ಸೇರಿಕೊಳ್ಳುತ್ತದೆ. ಡಿಸೆಂಬರ್ ಬೆಳಗ್ಗೆ ಬಾವಿಯ ತಣ್ಣೀರು ತುಂಬಿದ ಹಂಡೆಯ ಬುಡಕ್ಕೆ ಆ ಆವಿ ತಾಗಿದರೆ ನೀರಾಗದೆ ಇನ್ನೇನಾದೀತು? ಹಂಡೆ ಬಿಸಿಯೇರಿದ ಮೇಲೆ ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ಆಗ ಬೂದಿ ಬಳಿದು ನೋಡು, ನಿಜವಾದ ತೂತಿದ್ದರೆ ಅಲ್ಲೇ ಒದ್ದೆಯ ಬೊಟ್ಟು ಮೂಡುತ್ತದೆ. ಬೆಸುಗೆ ಹಾಕಿಸಿದ ಮೇಲೂ ಒಂದು ಮಾತು ನೆನಪಿಡು: ಒಳಗೆ ನೀರಿರುವ ತನಕ ಹಂಡೆಯ ಬುಡ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಬೆಸುಗೆ ಕರಗುವುದಿಲ್ಲ. ನೀರೆಲ್ಲಾ ಮೊಗೆದು ಖಾಲಿ ಹಂಡೆಯಡಿ ಕೆಂಡ ಬಿಟ್ಟು ಬಂದೆಯೋ, ಹಾಕಿದ ಬೆಸುಗೆ ಅವತ್ತೇ ಬಿಟ್ಟಿತು ಅಂದುಕೋ.

ಈಗ ಹೊಗೆ ಕೊಳವೆಯ ವಿಷಯ. ನಿನ್ನ ಗಂಡ ಅದರ ಬುಡದ ಸುತ್ತ ಸಿಮೆಂಟು ಮೆತ್ತಿಸಿದ್ದಾನಂತೆ, ಆದರೂ ಸೋರುತ್ತದಂತೆ. ಮೆತ್ತಿಸುವ ಮುಂಚೆ ಗೋಡೆಯ ಮೇಲೆ ಇಳಿದ ನೀರಿನ ಬಣ್ಣ ನೋಡಿದಿರಾ? ಮಳೆ ಬಂದಾಗ ಮಾತ್ರ ಇಳಿದು, ಮಣ್ಣು ಬಣ್ಣದ ಗೆರೆ ಎಳೆದರೆ ಅದು ಮೇಲಿನ ನೀರು. ಮಳೆಯೇ ಇಲ್ಲದ ಜನವರಿಯಲ್ಲೂ ಕಾಫಿ ಡಿಕಾಕ್ಷನ್ನಿನ ಹಾಗೆ ಕಪ್ಪಗೆ ಇಳಿದು, ಮೂಸಿದರೆ ಹೊಗೆ ವಾಸನೆ ಹೊಡೆದರೆ ಅದು ಕೊಳವೆಯ ಒಳಗಿನ ಬೆವರು. ಎರಡಕ್ಕೂ ಒಂದೇ ಮದ್ದು ಅಂತ ಹೊರಟರೆ ದುಡ್ಡು ದಂಡ.

ವಿಜಯಪುರದಲ್ಲಿ ರೇಷ್ಮೆ ಬಿಚ್ಚಣಿಕೆ ನಡೆಸುತ್ತಿದ್ದ ಕಾಲದಲ್ಲಿ ಈ ಕಪ್ಪು ನೀರು ನನ್ನ ಮಾನ ಕಳೆದಿತ್ತು. ಗೂಡು ಬೇಯಿಸುವ ಒಲೆಗೆ ಹೊಸ ಕೊಳವೆ ನಾನೇ ನಿಂತು ಹಾಕಿಸಿದ್ದೆ. ಮಳೆನೀರು ಒಳಗೆ ಹೋಗಬಾರದು ಅಂತ ಮೇಲಿನ ತುಂಡನ್ನು ಕೆಳಗಿನದರ ಮೇಲೆ ಟೋಪಿಯಂತೆ ತೊಡಿಸು ಅಂದೆ. ಕೆಲಸದವನು ಬೇಡ ಅಂದರೂ ಕೇಳಲಿಲ್ಲ. ಗೌರಿ ಹಬ್ಬಕ್ಕೆ ಸುಣ್ಣ ಬಳಿಸಿದ ಗೋಡೆ ದೀಪಾವಳಿಯ ಹೊತ್ತಿಗೆ ಮೇಲಿಂದ ಕೆಳಗೆ ಹುಲಿಪಟ್ಟೆ ಆಯಿತು. ಹೊಗೆ ಮೇಲಕ್ಕೆ ಹೋಗುತ್ತದೆ, ಸರಿ. ಆದರೆ ಬೆವರು ಕೆಳಕ್ಕೇ ಇಳಿಯುತ್ತದೆ. ಮೇಲಿನ ತುಂಡಿನ ತುದಿ ಕೆಳಗಿನದರ ಒಳಗೆ ಕೂತಿದ್ದರೆ ಆ ನೀರು ಒಳಗೊಳಗೇ ಜಾರಿ ಮತ್ತೆ ಬೆಂಕಿಗೆ ಬೀಳುತ್ತದೆ. ನಾನು ಮಾಡಿಸಿದಂತೆ ಆದರೆ ಪ್ರತಿ ಕೀಲಿನಲ್ಲೂ ಹೊರಗೆ ಒಸರುತ್ತದೆ. ನಿಮ್ಮ ಕೊಳವೆಯ ಕೀಲು ಯಾವ ಕಡೆ ಮುಖ ಮಾಡಿದೆ, ಅದನ್ನು ಮೊದಲು ನೋಡಿ.

ಬೆವರೇ ಕಮ್ಮಿಯಾಗಬೇಕಾದರೆ ಸೌದೆ ಒಣಗಿರಬೇಕು. ನಮ್ಮ ಕಡೆ ಹುಳುವಿಗೆ ಸೊಪ್ಪು ಹಾಕಿ ಉಳಿದ ಹಿಪ್ಪುನೇರಳೆ ಕಡ್ಡಿಯೇ ಅರ್ಧ ಸೌದೆ. ನೀಲಗಿರಿಯೂ ಉಂಟು. ಕಡಿದ ವಾರಕ್ಕೇ ತಂದು ತುರುಕಿದರೆ ಅದು ಉರಿಯುವುದಿಲ್ಲ, ಅಳುತ್ತದೆ. ಸೀಳಿ, ಮಳೆ ತಾಗದ ಕಡೆ ಒಂದು ಬೇಸಿಗೆ ಒಣಗಲಿ. ಇನ್ನೊಂದು, ಬಾಗಿಲು ಮುಚ್ಚಿ ಹೊಗೆಯಾಡಿಸುತ್ತಾ ಇಡೀ ದಿನ ನೀರು ಬೆಚ್ಚಗಿಡುವ ಆಸೆ ಬೇಡ. ತಣ್ಣನೆ ಹೊಗೆಯೇ ಕೊಳವೆಯಲ್ಲಿ ಮಸಿ ಕಟ್ಟಿಸುವುದು. ಆ ಮಸಿಯ ನೀರಿನಲ್ಲಿ ಹುಳಿಯ ಅಂಶವಿದೆ, ಕಬ್ಬಿಣವನ್ನು ಒಳಗಿಂದ ತಿನ್ನುತ್ತದೆ. ಮಸಿ ದಪ್ಪವಾಗಿ ಕಟ್ಟಿದರೆ ಒಂದು ದಿನ ಅದಕ್ಕೇ ಬೆಂಕಿ ಹತ್ತೀತು.

ಮಳೆನೀರಿಗೆ ಬರೋಣ. ಸಿಮೆಂಟು ಯಾಕೆ ನಿಲ್ಲಲಿಲ್ಲ ಗೊತ್ತೇ? ಎರಡು ಮೀಟರ್ ಕಬ್ಬಿಣದ ಕೊಳವೆ ಇನ್ನೂರು ಡಿಗ್ರಿ ಕಾದರೆ ಐದು ಮಿಲಿಮೀಟರ್‌ನಷ್ಟು ಉದ್ದವಾಗುತ್ತದೆ, ಆರಿದರೆ ಕುಗ್ಗುತ್ತದೆ. ದಿನಾ ಹೀಗೆ ಎದ್ದು ಕೂರುವವನನ್ನು ಸಿಮೆಂಟು ಹಿಡಿದಿಟ್ಟುಕೊಂಡೀತೆ? ಡಾಂಬರು ಮೆತ್ತಿದರೆ ಕರಗಿ ಇಳಿಯುತ್ತದೆ. ಕೊಳವೆಗೆ ಅಲ್ಲಾಡಲು ಜಾಗ ಬಿಡಬೇಕು. ಸುತ್ತ ಒಂದು ತಗಡಿನ ತೋಳು, ಅದರ ಮೇಲೆ ಬಾಗುವಂತೆ ಕೊಳವೆಗೇ ಬಿಗಿದ ಕೊಡೆಯಂಥ ಪಟ್ಟಿ. ನೀರು ಕೊಡೆಯ ಮೇಲೆ ಬಿದ್ದು ತೋಳಿನ ಆಚೆಗೆ ಜಾರಬೇಕು.

ನಮ್ಮ ಬಚ್ಚಲ ಮನೆಯದು ಮಂಗಳೂರು ಹೆಂಚು. ಅಲ್ಲಿ ತೋಳಿನ ಬುಡದ ತಗಡು ಹೇಗೆ ಕೂರುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಮೇಲಂಚು ಮೇಲಿನ ಸಾಲಿನ ಹೆಂಚಿನ ಅಡಿಗೆ ನುಗ್ಗಬೇಕು, ಕೆಳಂಚು ಕೆಳಗಿನ ಸಾಲಿನ ಹೆಂಚಿನ ಮೇಲೆ ಹಾಸಬೇಕು. ಎರಡನ್ನೂ ಮೇಲೆಯೇ ಹಾಸಿ ಅಂಟು ಬಳಿದು ಹೋಗುವವರುಂಟು. ಒಂದು ಮಳೆಗಾಲ ತಡೆಯುತ್ತದೆ. ಮರದ ರೀಪು ಕೊಳವೆಯಿಂದ ಮೊಳದಷ್ಟು ದೂರ ಇರಲಿ. ಜಾಗವಿಲ್ಲದಿದ್ದರೆ ಹೊರಗೆ ಇನ್ನೊಂದು ದೊಡ್ಡ ಕೊಳವೆ ತೊಡಿಸಿ ನಡುವೆ ಗಾಳಿ ಬಿಡಿಸು. ತುದಿಯ ಟೋಪಿ ಕೊಳವೆಯ ಅಡ್ಡಳತೆಯ ಅರ್ಧದಷ್ಟಾದರೂ ಎತ್ತರದಲ್ಲಿರಲಿ, ಸುತ್ತಲೂ ಅಗಲವಾಗಿ ಚಾಚಲಿ. ನಮ್ಮಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆದರೆ ಟೋಪಿಯ ಕೆಳಗಿಂದ ಒಳನುಗ್ಗುವುದು ಮೇ ತಿಂಗಳ ಅಡ್ಡಮಳೆ.

ತುಕ್ಕನ್ನು ನೋಡಿದರೂ ಇದೇ ಲೆಕ್ಕ. ಬಿಚ್ಚಣಿಕೆ ಶೆಡ್ಡಿನಲ್ಲಿ ಜಿಂಕ್ ಶೀಟು ತೂತು ಬಿದ್ದಾಗಲೆಲ್ಲ ಮಳೆಯನ್ನು ಬೈಯುತ್ತಿದ್ದೆವು. ಒಮ್ಮೆ ಬಿಚ್ಚಿ ನೋಡಿದರೆ ಮೇಲ್ಮೈ ಬೆಳ್ಳಗೆ ನೆಟ್ಟಗಿದೆ, ಅಡಿಮೈ ಕೆಂಪಗೆ ಉದುರುತ್ತಿದೆ. ದಿನವಿಡೀ ಬಾಣಲೆಯಿಂದ ಏಳುವ ಆವಿ ಮಾಡಿದ ಕೆಲಸ ಅದು. ಆವಿ ಹೋಗಲು ಗವಾಕ್ಷಿ ತೆಗೆಸಿದ ಮೇಲೆ ಹಾಕಿದ ಶೀಟು ಬಾಳಿತು. ನಿಮ್ಮ ಕೊಳವೆಯ ಹೊರಮೈ ಕೆಂಪಗಿದ್ದರೆ ತಂತಿ ಬ್ರಷ್ಷಿನಲ್ಲಿ ಉಜ್ಜಿ, ಉಪ್ಪುಕಾಗದ ಹಾಕಿ, ಕಾವು ತಾಳುವ ಬಣ್ಣ ಬಳಿಯಿರಿ. ಗೇಟಿಗೆ ಹೊಡೆಯುವ ಬಣ್ಣ ಒಲೆಯ ಹತ್ತಿರ ಸುಟ್ಟು ನಾರುತ್ತದೆ. ಒಳಗಿಂದ ತಿಂದಿದ್ದರೆ ಬಣ್ಣದಿಂದ ಏನೂ ಆಗದು. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತಿಂದ ಕಬ್ಬಿಣ ಒಡೆದ ಮಡಕೆಯ ಹಾಗೆ ಬೊದ್ದು ಸದ್ದು ಕೊಡುತ್ತದೆ. ಆ ತುಂಡನ್ನು ತೆಗೆದೇ ಬಿಡಬೇಕು. ಇದರಲ್ಲಿ ನೀರಿಗಿಂತ ದೊಡ್ಡ ಭಯ ಇದೆ. ಮನೆಯೊಳಗಿನ ಕೊಳವೆ ತೂತಾದರೆ ಬರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಕೋಣೆ ಅದು. ಸರಿಯಾಗುವವರೆಗೆ ಒಲೆ ಹಚ್ಚಬೇಡಿ.

ಕೊಳವೆಯೇ ಬೇಡ ಅಂತ ಕಿತ್ತು ಹಾಕುವ ಮಾತು ಮಾತ್ರ ಆಡಬೇಡ. ನಿಮ್ಮ ಅಜ್ಜಿ ಹೊಗೆ ಕುಡಿದೇ ಅರ್ಧ ಆಯುಷ್ಯ ಕಳೆದವಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರುಮಾಡಿದ 'ಅಸ್ತ್ರ' ಕೇಂದ್ರದವರು ಹೊಗೆ ಕೊಳವೆಯಿದ್ದ ಮೂರು ಪಾತ್ರೆಯ ಅಸ್ತ್ರ ಒಲೆ ತಂದಾಗ, ಊರಿನಲ್ಲಿ ಎಷ್ಟೋ ಜನ 'ಸೂರಿಗೆ ತೂತು ಯಾರು ಹೊಡೆಸುತ್ತಾರೆ, ಸೋರುತ್ತೆ' ಅಂತ ಹಿಂದೆಗೆದರು. ಸೋರಿಕೆಯ ಹೆದರಿಕೆಗೆ ಹೆಂಗಸರ ಕಣ್ಣು ಹೋಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕೊನೆಗೆ ನಿಮ್ಮ ಮನೆಯ ನಿಜವಾದ ತೊಂದರೆ ಹೇಳಲೇ? ಅದು ಬೀಗ. ದಿನಾ ಉರಿಯುವ ಒಲೆ ದಿನಾ ಒಣಗುತ್ತದೆ. ನೀವು ಬರುವುದು ತಿಂಗಳಿಗೆರಡು ಶನಿವಾರ. ಬಿಟ್ಟುಹೋದ ಬೂದಿಯಲ್ಲಿ ಕ್ಷಾರವಿದೆ, ಗಾಳಿಯ ತೇವ ಎಳೆದುಕೊಂಡು ಕಬ್ಬಿಣದ ಜಾಲರಿಗೆ ಅಂಟಿ ಕೂರುತ್ತದೆ. ಹೊರಡುವಾಗ ಆರಿದ ಬೂದಿ ಬಳಿದು ಕುಂಬಳದ ಬುಡಕ್ಕೆ ಹಾಕು, ಹಂಡೆ ಬೋರಲು ಹಾಕು, ಒಲೆಯ ಬಾಯಿ ತೆರೆದಿಡು, ಗಾಳಿಯಾಡಲಿ.

ಮುಂದಿನ ವಾರ ನಾನೂ ಬರುತ್ತೇನೆ. ಏಣಿ ಕೊಟ್ಟಿಗೆಯ ಅಟ್ಟದಲ್ಲಿದೆ. ಮೂರನೇ ಮೆಟ್ಟಿಲು ಹುಳು ತಿಂದಿದೆ, ನಿನ್ನ ಗಂಡನಿಗೆ ಹೇಳು, ಅದರ ಮೇಲೆ ಕಾಲಿಡುವುದು ಬೇಡ.