ಬಿಟಿ ಹತ್ತಿ ಪೇಟೆಂಟ್ ಮತ್ತು ಬೀಜದ ಚೀಟಿ: ಪರೀಕ್ಷಾ ಟಿಪ್ಪಣಿ

ತೆಲಂಗಾಣದ ಮಾಗನೂರು, ಮಕ್ತಲ್ ಕಡೆಯಿಂದ ಕೃಷ್ಣೆ ದಾಟಿದರೆ ಗದ್ವಾಲ. ಹೈಬ್ರಿಡ್ ಹತ್ತಿ ಬೀಜೋತ್ಪಾದನೆಗೆ ಹೆಸರಾದ ಸೀಮೆ. ಸಂಜೆ ಮೊಗ್ಗಿನ ಕೇಸರಗಳನ್ನು ಕೈಯಿಂದ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಸವರುತ್ತಾರೆ. ಪ್ರಯೋಗಾಲಯದ ಜೀನ್ ಎಷ್ಟೇ ಹೊಸದಿರಲಿ, ಬೀಜ ನಿಂತಿರುವುದು ಈ ಬೆರಳುಗಳ ಮೇಲೆ.

ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ್ದೇ ಬಿಟಿ ಹತ್ತಿ. ಭಾರತದಲ್ಲಿ ವಾಣಿಜ್ಯ ಬೆಳೆಗೆ ಅನುಮತಿ 2002ರಲ್ಲಿ. ಪೇಟೆಂಟ್ ಕಾಯ್ದೆ 1970ರ ಕಲಂ 3(ಜೆ) ಪ್ರಕಾರ ಸಸ್ಯ, ಪ್ರಾಣಿ, ಬೀಜ, ತಳಿಗಳಿಗೆ ಪೇಟೆಂಟ್ ಇಲ್ಲ. ಸೂಕ್ಷ್ಮಜೀವಿಗಳಿಗೆ ವಿನಾಯಿತಿ ಉಂಟು. ಹಾಗಾದರೆ ಬೀಜದೊಳಗಿನ ಜೀನ್‌ಗೆ? ಜೀನ್‌ನ ಪೇಟೆಂಟ್ ಹೊಂದಿದ್ದ ಮಾನ್ಸಾಂಟೊ ಮತ್ತು ಬೀಜ ಕಂಪನಿ ನೂಜಿವೀಡು ಸೀಡ್ಸ್ ನಡುವಿನ ವ್ಯಾಜ್ಯದ ತಿರುಳು ಇದೇ. 2018ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ವಿಭಾಗೀಯ ಪೀಠ ಪೇಟೆಂಟ್ ರದ್ದು ಮಾಡಿತು. 2019ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪು ಬದಿಗೊತ್ತಿ ವಿಚಾರಣೆಗೆ ಮರಳಿಸಿತು. ಪೇಟೆಂಟ್ ಸಿಂಧು ಎಂದು ಅಂತಿಮವಾಗಿ ಹೇಳಲಿಲ್ಲ. ಅಭ್ಯರ್ಥಿಗಳು ಎಡವುವುದು ಇಲ್ಲೇ. ಪೇಟೆಂಟ್ ಅವಧಿ 20 ವರ್ಷ. ತಳಿಗಳಿಗೆ ಬೇರೆಯೇ ಕಾನೂನು: ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ, 2001.

ಹೋಲಿಸಿ ಓದಿ: ವಿಜ್ಞಾನಿ ಆನಂದ ಚಕ್ರವರ್ತಿಯವರ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಲ್ಲುತ್ತದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ 5–4 ಬಹುಮತದಿಂದ ಹೇಳಿತು.

ಇನ್ನು ಚೀಲದ ಮೇಲಿನ ಚೀಟಿ. ತಳಿವರ್ಧಕ ಬೀಜಕ್ಕೆ ಬಂಗಾರದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಕ್ಯೂಆರ್ ಕೋಡ್‌ನಿಂದ ಬೀಜದ ಮೂಲ ಪತ್ತೆಹಚ್ಚುವ ಕೇಂದ್ರದ ‘ಸಾಥಿ’ ಪೋರ್ಟಲ್ 2023ರಲ್ಲಿ ಬಂತು. ಚೀಟಿಯ ಬಣ್ಣಗಳನ್ನು ಹೊಂದಿಸಿ ಬರೆಯುವ ಪ್ರಶ್ನೆಗೆ ಸಿದ್ಧವಿರಿ.