ನಾಲ್ಕನೆಯ ಋಣ

ಮಳೆಗಾಲವು ಮುಗಿದು ಆಕಾಶವು ತಿಳಿಯಾಗುವ ಶರದೃತುವಿನಲ್ಲಿ ನವರಾತ್ರಿಯು ಬರುತ್ತದೆ. ಈ ಒಂಬತ್ತು ದಿನಗಳಲ್ಲಿ ನಾವು ದೇವಿಯ ಮುಂದೆ ನಿಂತು ಬೇಡುವುದು ಬಹಳ. ಪಡೆದುದನ್ನು ನೆನೆಯುವುದು ಅಲ್ಪ. ಆ ಅಲ್ಪವನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳುತ್ತೇನೆ.

‘ಕೃತ’ ಎಂದರೆ ಮಾಡಲ್ಪಟ್ಟುದು. ‘ಜ್ಞ’ ಎಂದರೆ ಬಲ್ಲವನು. ತನಗಾಗಿ ಇತರರು ಮಾಡಿದುದನ್ನು ಅರಿತವನೇ ಕೃತಜ್ಞ. ಇದಕ್ಕೆ ವಿರುದ್ಧವಾದ ‘ಕೃತಘ್ನ’ ಶಬ್ದದಲ್ಲಿ ಕೊಲ್ಲುವ ಅರ್ಥವಿದೆ. ಮಾಡಿದ ಉಪಕಾರವನ್ನು ಮರೆತವನು ಅದನ್ನು ಕೊಂದಂತೆಯೇ ಸರಿ ಎಂಬುದು ನಮ್ಮ ಹಿರಿಯರ ಭಾವನೆ. ವಾಲ್ಮೀಕಿ ರಾಮಾಯಣದ ಆರಂಭದಲ್ಲಿಯೇ ಆದರ್ಶಪುರುಷನು ಯಾರೆಂದು ವಾಲ್ಮೀಕಿಗಳು ನಾರದರನ್ನು ಕೇಳುತ್ತಾರೆ. ಅವರು ಎಣಿಸುವ ಗುಣಗಳಲ್ಲಿ ‘ಧರ್ಮಜ್ಞ’ ಎಂಬುದರ ಬೆನ್ನಿಗೇ ‘ಕೃತಜ್ಞ’ ಎಂಬುದು ಬರುತ್ತದೆ. ಧರ್ಮದ ಅರಿವಿಗೂ ಉಪಕಾರದ ಅರಿವಿಗೂ ಇರುವ ನೆಂಟು ಅಷ್ಟು ಹತ್ತಿರದ್ದು.

ಉಪಕಾರದ ಮರೆವು ಹೇಗೆ ಬರುತ್ತದೆಂಬುದನ್ನು ಅದೇ ಕಾವ್ಯದ ಕಿಷ್ಕಿಂಧಾಕಾಂಡವು ತೋರಿಸುತ್ತದೆ. ಹಂಪೆ–ಆನೆಗೊಂದಿಯ ಪರಿಸರವೇ ಆ ಕಿಷ್ಕಿಂಧೆಯೆಂದು ನಮ್ಮ ನಾಡಿನವರು ನಂಬಿದ್ದಾರೆ. ಶ್ರೀರಾಮನ ನೆರವಿನಿಂದ ಸುಗ್ರೀವನಿಗೆ ರಾಜ್ಯವು ದೊರೆಯಿತು. ಮಳೆಗಾಲ ಕಳೆದೊಡನೆ ಸೀತೆಯನ್ನು ಅರಸುವ ಕಾರ್ಯವನ್ನು ಆತನು ಕೈಗೊಳ್ಳಬೇಕಾಗಿತ್ತು. ಶರತ್ಕಾಲ ಬಂದಿತು, ಸುಗ್ರೀವನು ಮಾತ್ರ ಅಂತಃಪುರದ ಭೋಗದಲ್ಲಿ ಮುಳುಗಿದ್ದನು. ಆಗ ಕ್ರುದ್ಧನಾದ ಲಕ್ಷ್ಮಣನು ಅರಮನೆಯ ಬಾಗಿಲಿಗೆ ಬಂದನು. ಬೇರೆ ಪಾಪಗಳಿಗೆ ಪ್ರಾಯಶ್ಚಿತ್ತವುಂಟು, ಕೃತಘ್ನತೆಗೆ ಇಲ್ಲವೆಂದು ಗದರಿಸಿದನು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸುಗ್ರೀವನು ದುಷ್ಟನಲ್ಲ, ದ್ರೋಹಿಯೂ ಅಲ್ಲ. ಬಹುಕಾಲ ಕಷ್ಟವುಂಡು ಸುಖಕ್ಕೆ ಬಂದವನು. ಆ ಸುಖವೇ ಅವನನ್ನು ಮರೆಸಿತು. ತಾರೆಯೂ ಲಕ್ಷ್ಮಣನಿಗೆ ಹೇಳಿದ ಸಮಾಧಾನವು ಇದೇ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. 1971ರಲ್ಲಿ ಒಂದು ಟ್ರಂಕಿನೊಡನೆ ಮುಂಬಯಿಗೆ ಬಂದಿಳಿದ ನನಗೆ ಮಾಟುಂಗದ ಚಾಳೊಂದರಲ್ಲಿದ್ದ ವೃದ್ಧ ದಂಪತಿಗಳು ಆಶ್ರಯವಿತ್ತರು. ನಮ್ಮ ಜಿಲ್ಲೆಯವರೆಂಬುದನ್ನು ಬಿಟ್ಟರೆ ಅವರಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಅವರಿಗಿದ್ದುದು ಒಂದೇ ಕೋಣೆ. ಎಂಟು ತಿಂಗಳು ಅದರ ಮೂಲೆಯಲ್ಲಿ ನನ್ನ ಚಾಪೆ ಹಾಸಿತ್ತು. ನಾನು ರಾತ್ರಿ ಎಷ್ಟು ತಡವಾಗಿ ಬಂದರೂ ಆ ತಾಯಿಯು ಅನ್ನವನ್ನು ಮುಚ್ಚಿಟ್ಟು ಕಾದಿರುತ್ತಿದ್ದರು. ಕೆಲಸ ಖಾಯಂ ಆಯಿತು. ಡೊಂಬಿವಲಿಯಲ್ಲಿ ಮನೆಯಾಯಿತು, ಸಂಸಾರವಾಯಿತು. ಅವರನ್ನು ನೋಡಿಬರುವ ಮಾತು ‘ಮುಂದಿನ ಹಬ್ಬಕ್ಕೆ’ ಎಂದು ಆರು ವರ್ಷ ಮುಂದಕ್ಕೆ ಹೋಯಿತು. ಕೊನೆಗೊಂದು ವಿಜಯದಶಮಿಯ ದಿನ ಹಣ್ಣುಹೂವುಗಳೊಡನೆ ಹೋದಾಗ ಬಾಗಿಲು ತೆರೆದವರು ಅಪರಿಚಿತರು. ಯಜಮಾನರು ತೀರಿಕೊಂಡು ವರ್ಷವಾಯಿತೆಂದೂ, ಆ ತಾಯಿಯನ್ನು ಬಂಧುಗಳು ಊರಿಗೆ ಕರೆದೊಯ್ದರೆಂದೂ ನೆರೆಯವರು ತಿಳಿಸಿದರು. ಊರಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಸುಗ್ರೀವನನ್ನು ಎಚ್ಚರಿಸಲು ಲಕ್ಷ್ಮಣನಾದರೂ ಬಂದನು. ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ಉಪಕಾರಿಗಳು ಬಂದು ಕೇಳುವುದಿಲ್ಲ. ಆದುದರಿಂದಲೇ ಮರೆಯುವುದು ಅಷ್ಟು ಸುಲಭ.

ಹಾಗಾದರೆ ತೀರಿಸಲಾಗದ ಋಣದ ಗತಿಯೇನು? ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳ ಮಾತು ಎಲ್ಲರಿಗೂ ಪರಿಚಿತವಾದುದು. ಶತಪಥಬ್ರಾಹ್ಮಣವು ಇವುಗಳೊಡನೆ ನಾಲ್ಕನೆಯದಾಗಿ ಮನುಷ್ಯಋಣವನ್ನೂ ಹೇಳುತ್ತದೆ. ಬಂದವರಿಗೆ ಇರಲು ಎಡೆಯನ್ನೂ ಉಣ್ಣಲು ಅನ್ನವನ್ನೂ ಕೊಡುವುದೇ ಅದನ್ನು ತೀರಿಸುವ ಬಗೆ. ಕೊಟ್ಟವರಿಗೇ ಹಿಂದಿರುಗಿಸಬೇಕೆಂಬ ನಿರ್ಬಂಧ ಅಲ್ಲಿಲ್ಲ. ಪಡೆದುದನ್ನು ಮುಂದೆ ಬರುವವರಿಗೆ ದಾಟಿಸಿದರೂ ಋಣವು ಸಲ್ಲುತ್ತದೆ. ಅಂದಿನಿಂದ ಪರೀಕ್ಷೆಗೋ ಕೆಲಸಕ್ಕೋ ಊರಿನಿಂದ ಬಂದ ಹುಡುಗರಿಗೆ ನಮ್ಮ ಮನೆಯ ಮುಂದಿನ ಕೋಣೆಯು ತೆರೆದಿದೆ. ಆ ವೃದ್ಧರಿಗೆ ನಾನು ಸಲ್ಲಿಸುವ ಕಂತು ಅದು.

ನಗರಜೀವನದಲ್ಲಿ ಇನ್ನೊಂದು ಆಕ್ಷೇಪವು ಕೇಳಿಬರುತ್ತದೆ: “ಹಾಲಿನವನಿಗೆ, ಮನೆಗೆಲಸದಾಕೆಗೆ ಹಣ ಕೊಡುತ್ತೇವಲ್ಲ, ಇನ್ನೆಂತಹ ಋಣ?” ಹಣದಿಂದ ಹಾಲಿನ ಬೆಲೆಯು ಸಂದಿತು, ನಿಜ. ಆದರೆ ಮುಂಬಯಿಯ ಜುಲೈ ಮಳೆಯಲ್ಲಿ, ನಾವಿನ್ನೂ ಹೊದ್ದು ಮಲಗಿರುವಾಗ, ಮೊಣಕಾಲುದ್ದದ ನೀರಿನಲ್ಲಿ ನಡೆದುಬಂದ ಆ ಕಾಳಜಿಗೆ ಯಾವ ದರಪಟ್ಟಿಯಲ್ಲಿ ಬೆಲೆ ಬರೆದಿದೆ? ಅದನ್ನು ಅರಿಯುವುದೇ ಅದಕ್ಕೆ ನಾವು ಕೊಡಬಹುದಾದ ಮೊದಲ ಪ್ರತಿಫಲ.

ಮಹಾನವಮಿಯ ಆಯುಧಪೂಜೆಯು ಈ ಅರಿವನ್ನೇ ವರ್ಷಕ್ಕೊಮ್ಮೆ ನಮಗೆ ಕಲಿಸುತ್ತದೆ. ಯಂತ್ರ, ವಾಹನ, ಕತ್ತರಿ, ಸುತ್ತಿಗೆಗಳನ್ನು ತೊಳೆದು ಅರಿಶಿನ ಕುಂಕುಮವಿಟ್ಟು ನಮಸ್ಕರಿಸುತ್ತೇವೆ. ಜಡವಸ್ತುವಿನ ಉಪಕಾರವನ್ನು ನೆನೆಯಬಲ್ಲ ನಾವು ಆ ಆಯುಧವನ್ನು ಹಿಡಿದ ಕೈಯನ್ನು ಮರೆಯಬಹುದೇ? ಅಂದು ಪೂಜೆಯಾದ ಮೇಲೆ ಮನೆಯವರೆಲ್ಲ ಕುಳಿತು, ಕಳೆದ ವರ್ಷದಲ್ಲಿ ನಮಗೆ ನೆರವಾದವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳೋಣ. ಅವರಲ್ಲಿ ಬದುಕಿರುವವರನ್ನು ಈ ಹಬ್ಬದಲ್ಲಿಯೇ ಕಂಡುಬರೋಣ. ದೂರವಿದ್ದರೆ ಒಂದು ಮಾತನ್ನಾದರೂ ತಲುಪಿಸೋಣ. ಇಲ್ಲವಾದವರ ಹೆಸರಿನಲ್ಲಿ ಮತ್ತೊಬ್ಬರಿಗೆ ಕೈಲಾದುದನ್ನು ಮಾಡೋಣ.

‘ಮುಂದಿನ ಹಬ್ಬಕ್ಕೆ’ ಎಂಬ ಮಾತು ಮಾತ್ರ ನಮ್ಮ ಬಾಯಿಂದ ಬಾರದಿರಲಿ. ಪಡೆದುದನ್ನು ಅರಿಯುವ ಕಣ್ಣನ್ನೂ, ಅರಿತುದನ್ನು ಸಲ್ಲಿಸುವ ಮನಸ್ಸನ್ನೂ ಜಗನ್ಮಾತೆಯು ನಮ್ಮೆಲ್ಲರಿಗೂ ಕರುಣಿಸಲಿ.