ಲಂಬರೇಖೆಯ ಸಮೀಕರಣ

ಒಂದಕ್ಕೊಂದು ಲಂಬವಾಗಿರುವ ಎರಡು ಸರಳರೇಖೆಗಳ ಇಳಿಜಾರುಗಳಿಗೆ ಏನು ಸಂಬಂಧವೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರನ್ನು ಕೇಳಿದರೂ, “ಗುಣಲಬ್ಧವು −೧” ಎಂಬ ಉತ್ತರವು ಥಟ್ಟನೆ ಬರುವುದು. ಅದೇಕೆ −೧ ಎಂದು ಮತ್ತೆ ಕೇಳಿದರೆ ಬಹುಮಂದಿ ಸುಮ್ಮನಾಗುವರು. ಸೂತ್ರವು ನೆನಪಿನಲ್ಲುಳಿದು ಕಾರಣವು ಜಾರಿಹೋಗಿರುವುದು. ಈ ಪುಟದಲ್ಲಿ ಆ ಕಾರಣವನ್ನು ಮತ್ತೊಮ್ಮೆ ನೋಡೋಣ. ಹೆಣ್ಣುಮಕ್ಕಳಿಗೆ ಈ ಗಣಿತವೇಕೆ ಎನ್ನುವ ಪೋಷಕರೂ ನಮ್ಮೊಡನೆ ಕುಳಿತು ಕಾಗದ ಪೆನ್ಸಿಲು ಹಿಡಿಯಬೇಕೆಂದು ಕೋರುತ್ತೇವೆ.

ಚೌಕಳಿ ಕಾಗದದ ಮೇಲೆ ಒಂದು ಚೌಕದ ಬದಿಯು ೧೦ ಮೀಟರು ಎಂದಿಟ್ಟುಕೊಳ್ಳೋಣ. ಅಡ್ಡಳತೆಗೆ ಕ್ಷ ಎಂದೂ ನಿಲುವಳತೆಗೆ ಯ ಎಂದೂ ಹೆಸರು. ಒಂದು ರಸ್ತೆಯು ೩ಕ್ಷ − ೪ಯ + ೫ = ೦ ಎಂಬ ರೇಖೆಯಂತೆ ಹೋಗಿದೆ; ಅದರಡಿಯಲ್ಲಿ ನೀರಿನ ಕೊಳವೆಯಿದೆ. ಮನೆಯು (೨, ೯) ಎಂಬ ಬಿಂದುವಿನಲ್ಲಿದೆ. ಅತಿ ಕಡಿಮೆ ಕೊಳವೆಯಲ್ಲಿ ಮನೆಗೆ ನೀರು ತರಬೇಕಾದರೆ ಮನೆಯಿಂದ ರಸ್ತೆಗೆ ಲಂಬವನ್ನೆಳೆಯಬೇಕಷ್ಟೆ.

ಈ ರಸ್ತೆಯು ಬಲಕ್ಕೆ ೪ ಚೌಕ ಸಾಗುವಷ್ಟರಲ್ಲಿ ಮೇಲಕ್ಕೆ ೩ ಚೌಕ ಏರುತ್ತದೆ. ಎಂದರೆ ಇಳಿಜಾರು ೩/೪. ಈಗ ರಟ್ಟಿನಿಂದ ಒಂದು ಮೂಲೆಮಟ್ಟವನ್ನು ಕತ್ತರಿಸಿ, ಒಂದು ಬದಿ ಬಲಕ್ಕೆ ೪, ಇನ್ನೊಂದು ಮೇಲಕ್ಕೆ ೩ ಇರುವಂತೆ ಕಾಗದದ ಮೇಲಿಟ್ಟು, ಎಡಕ್ಕೆ ಕಾಲು ಸುತ್ತು ತಿರುಗಿಸಿರಿ. ಬಲಕ್ಕೆ ಚಾಚಿದ್ದ ೪ ಈಗ ಮೇಲಕ್ಕೆ ನಿಲ್ಲುವುದು. ಮೇಲಕ್ಕೆ ನಿಂತಿದ್ದ ೩ ಎಡಕ್ಕೆ ಮಲಗುವುದು. ಎಡದ ಅಳತೆಯು ಋಣವಾದುದರಿಂದ ಹೊಸ ಇಳಿಜಾರು −೪/೩. ಇದನ್ನು ೩/೪ರಿಂದ ಗುಣಿಸಿದರೆ −೧. ಭಿನ್ನರಾಶಿಯು ತಲೆಕೆಳಗಾದುದೂ ಚಿಹ್ನೆಯು ಬದಲಾದುದೂ ಒಂದೇ ಕಾಲು ಸುತ್ತಿನ ಕೆಲಸ.

ಲಂಬವು (೨, ೯)ರ ಮೂಲಕ ಹೋಗಬೇಕಾದುದರಿಂದ ಅದರ ಸಮೀಕರಣವು ಯ − ೯ = −೪/೩ (ಕ್ಷ − ೨); ಭಿನ್ನವನ್ನು ಕಳೆದರೆ ೪ಕ್ಷ + ೩ಯ = ೩೫. ರಸ್ತೆಯ ಸಮೀಕರಣದೊಡನೆ ಇದನ್ನು ಬಿಡಿಸಿದರೆ ಎರಡು ರೇಖೆಗಳೂ (೫, ೫)ರಲ್ಲಿ ಕೂಡುವುವು. ಮನೆಯಿಂದ ಅಲ್ಲಿಗೆ ಅಡ್ಡ ೩, ನಿಲುವು ೪. ಆದುದರಿಂದ ದೂರ ೫ ಚೌಕ, ಎಂದರೆ ೫೦ ಮೀಟರು. ಅದೇ ರಸ್ತೆಯ (೧, ೨) ಎಂಬಲ್ಲಿಂದ ಕೊಳವೆ ತಂದರೆ ೭೦ ಮೀಟರಿಗೂ ಮಿಗಿಲಾಗುವುದು. ಇಪ್ಪತ್ತು ಮೀಟರು ಕೊಳವೆಯ ಬೆಲೆಯನ್ನು ಪೋಷಕರೇ ಲೆಕ್ಕ ಹಾಕಲಿ!

ನಮಗೆ ಇನ್ನೊಂದು ಕ್ರಮವು ಹೆಚ್ಚು ಮೆಚ್ಚು. ೩ಕ್ಷ − ೪ಯ ಎಂಬುದರಲ್ಲಿ ಅಂಕಿಗಳನ್ನು ಅದಲುಬದಲು ಮಾಡಿ, ನಡುವಣ ಚಿಹ್ನೆಯನ್ನು ಬದಲಿಸಿ, ೪ಕ್ಷ + ೩ಯ ಎಂದು ಬರೆದು, ಅದರಲ್ಲಿ ೨, ೯ಗಳನ್ನು ಹಾಕಿದರೆ ೮ + ೨೭. ೩೫ ತಾನಾಗಿಯೇ ಬರುವುದು. ಇಳಿಜಾರಿನ ಸೂತ್ರವು ಕೈಕೊಡುವಲ್ಲಿಯೂ ಇದು ನಡೆಯುವುದು. ರಸ್ತೆಯು ಯ = ೫ ಎಂದು ಮಟ್ಟಸವಾಗಿದ್ದರೆ ಇಳಿಜಾರು ಸೊನ್ನೆ; ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ −೧ ಬಾರದು. ಆದರೆ ಲಂಬವಂತೂ ಇದ್ದೇ ಇದೆ: ಕ್ಷ = ೨.

ಯೂಕ್ಲಿಡನು ತನ್ನ ಮೊದಲನೆಯ ಪುಸ್ತಕದಲ್ಲಿ, ಬಿಂದುವು ರೇಖೆಯ ಮೇಲಿದ್ದರೆ ೧೧ನೆಯ ಪ್ರಮೇಯವನ್ನೂ ಹೊರಗಿದ್ದರೆ ೧೨ನೆಯದನ್ನೂ ಬೇರೆಬೇರೆಯಾಗಿ ಹೇಳಿದನು. ೧೬೩೭ರಲ್ಲಿ ದೆಕಾರ್ತನ ರೇಖಾಗಣಿತವು ಅಚ್ಚಾಗಿ, ರೇಖೆಗಳನ್ನು ಸಮೀಕರಣಗಳಿಂದ ವಿಚಾರಿಸುವ ಮಾರ್ಗವು ತೆರೆದ ಮೇಲೆ ಆ ಭೇದವು ಬೇಕಾಗಲಿಲ್ಲ. ರಸ್ತೆಯ ಮೇಲೆಯೇ ಇರುವ (೧, ೨)ರಲ್ಲಿ ಲಂಬವನ್ನೆತ್ತಬೇಕಾದರೂ ಲೆಕ್ಕವು ಅದೇ: ೪ಕ್ಷ + ೩ಯ = ೧೦.